ಉಗುಳು ಹಚ್ಚಿದ ಗಂಟು

ಮಾವನವರು ತಂಬಾಕು ಜಗಿಯುವುದನ್ನು ಹೇಗೋ ಸಹಿಸಿದ್ದೆ. ಆದರೆ ಆ ಉಗುಳನ್ನು ಅವರು ನಮ್ಮ ಯಜಮಾನರ ಮೋಟಾರ್ ಸೈಕಲ್ಲಿಗೂ ಹಚ್ಚುತ್ತಿದ್ದರು. ನೆನೆದರೆ ಈಗಲೂ ಹೇಸಿಗೆ.

ಯಜಮಾನರು ಶಿಗ್ಗಾವಿಯಲ್ಲಿ ಡಾಕ್ಟರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಯನ್ನು ಕೊಂಡಿದ್ದರು. ಡೈನಮೋದಿಂದ ಬ್ಯಾಟರಿಗೆ ಹೋಗುವ ವೈರು ನಡುವೆ ಹರಿದಿತ್ತು. ಮಾವನವರು ಹಗ್ಗ ಹೊಸೆಯುವುದರಲ್ಲಿ ಪಳಗಿದ ಕೈ. ನಾರನ್ನು ಒದ್ದೆ ಮಾಡಿದಂತೆ ತಂತಿಯ ತುದಿಗಳನ್ನೂ ಬಾಯಲ್ಲಿ ಒದ್ದೆ ಮಾಡಿ, ಹೊಸೆದು, ಚಿಂದಿ ಸುತ್ತುತ್ತಿದ್ದರು. ಎಂಟು ದಿನ ಓಡುತ್ತಿತ್ತು. ಆಮೇಲೆ ಬ್ಯಾಟರಿ ತುಂಬದೆ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಒಮ್ಮೆ ಸವಣೂರಿನ ಹಾದಿಯಲ್ಲಿ ಹಾಗೆ ನಿಂತು, ಯಜಮಾನರು ನಡೆದು ಮುಟ್ಟುವಷ್ಟರಲ್ಲಿ ಒಂದು ಕೂಸು ಹೊಟ್ಟೆಯಲ್ಲೇ ತೀರಿತ್ತು. ಅಂದು ಅವರು ಉಣ್ಣಲಿಲ್ಲ. ತಂದೆಗೆ ಏನೂ ಅನ್ನಲೂ ಇಲ್ಲ.

ಒಂದು ಮುಂಜಾನೆ ಹಿರೇಬೆಂಡಿಗೇರಿಯ ರೈತನೊಬ್ಬ ಓಡಿಬಂದ. "ಸಾಹೇಬ್ರ, ಮನ್ಯಾಕಿ ನಿನ್ನೆಯಿಂದ ಬ್ಯಾನಿ ತಿನ್ನಾಕತ್ತಾಳ್ರಿ. ಸೂಲಗಿತ್ತಿ ಕೈ ಚೆಲ್ಲಿ ಕುಂತಾಳ್ರಿ."

ಗಾಡಿ ಚಾಲೂ ಆಯಿತು, ಆದರೆ ಚಾರ್ಜು ತೋರಿಸುವ ಮುಳ್ಳು ಅಲುಗಲಿಲ್ಲ. ಹೋದರೆ ಹಾದಿಯಲ್ಲಿ ನಿಲ್ಲುವುದು ಖಾತ್ರಿ.

ಮಾವನವರು ಗಾಡಿ ನಿಲ್ಲಿಸಿ ಚಿಂದಿ ಬಿಚ್ಚಿದರು. ಹಸಿರು ಕಿಲುಬು, ಅದರಲ್ಲಿ ಸಿಕ್ಕಿಕೊಂಡ ತಂಬಾಕಿನ ಕಂದು ಎಳೆ, ಹಳಸಿದ ಬಾಯಿವಾಸನೆ. ಅದೇ ವೈರಿನ ಇನ್ನೊಂದು ತುದಿ, ಡೈನಮೋಕ್ಕೆ ಸ್ಕ್ರೂ ಹಾಕಿ ಬಿಗಿದದ್ದು, ಯಾರ ಉಗುಳೂ ತಾಗದೆ ಕೆಂಪಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಮಾವನವರು ಒಂದು ತುದಿಯನ್ನು ಬಾಯಿಗಿಟ್ಟು ತೆಗೆದಾಗಿತ್ತು.

"ಮಾವಾರ, ಉಗುಳು ಬ್ಯಾಡ್ರಿ," ಅಂದೆ. ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು.

"ಯಾಕ? ಒಣಾದು ಹೊಸದ್ರ ನಿಲ್ತತೇನ?"

"ಇದು ಹಗ್ಗ ಅಲ್ರಿ. ಉಗುಳು ಹತ್ತಿದಲ್ಲೇ ಕಿಲುಬು ಹಿಡದೈತಿ, ನೋಡ್ರಿ."

"ಓಹೋ! ಕಾನ್ವೆಂಟ್ ಸಾಲ್ಯಾಗ ಮೋಟಾರ್ ರಿಪೇರಿನೂ ಕಲಿಸ್ಯಾರ!"

ರೈತ ಕೈಮುಗಿದ. "ಯಾರರ ಮಾಡ್ರಿ ಅಕ್ಕಾರ, ಲಗೂನ ಮಾಡ್ರಿ."

ಮಾವನವರ ಕೈಯಿಂದ ವೈರು ತೆಗೆದುಕೊಂಡೆ. ಅದಿನ್ನೂ ಬೆಚ್ಚಗೆ, ಲೋಳೆಲೋಳೆಯಾಗಿತ್ತು. ಕೆಟ್ಟ ತುದಿಗಳನ್ನು ಕತ್ತರಿಸಿ, ಒಳಗಿನ ತಂತಿಯನ್ನು ಪಾಲೀಶ್ ಕಾಗದದಿಂದ ಕೆಂಪಗಾಗುವ ತನಕ ತಿಕ್ಕಿದೆ. ಒದ್ದೆ ಮಾಡದೆಯೇ ಬಿಗಿಯಾಗಿ ಹೊಸೆದು, ಮೇಲೆ ವ್ಯಾಸಲಿನ್ ಬಳಿದು, ಪಸೆ ತಾಗದಂತೆ ಯಜಮಾನರ ಪೆಟ್ಟಿಗೆಯಲ್ಲಿದ್ದ ಅಂಟುಪಟ್ಟಿ ಸುತ್ತಿದೆ. ಗಾಡಿ ಚಾಲೂ ಮಾಡಿದಾಗ ಮುಳ್ಳು ಅಲುಗಿತು. ರೈತನನ್ನು ಹಿಂದೆ ಕೂಡಿಸಿಕೊಂಡು ಯಜಮಾನರು ಹೊರಟೇಬಿಟ್ಟರು.

ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದೆ. ಆ ಕೈಯಿಂದ ರೊಟ್ಟಿಯ ಹಿಟ್ಟು ನಾದಲು ಮಾತ್ರ ಮನಸ್ಸಾಗಲಿಲ್ಲ.

ಮಧ್ಯಾಹ್ನ ಯಜಮಾನರು ನಗುತ್ತ ಬಂದರು. "ತಾಯಿ, ಕೂಸು, ಇಬ್ರೂ ಆರಾಮ ಅದಾರ."

"ಗಾಡಿ ಎಲ್ಲೂ ನಿಲ್ಲಲಿಲ್ಲ?" ಮಾವನವರು ಕೇಳಿದರು.

"ಇಲ್ಲಪಾ."

ಮಾವನವರು ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ಒಂಬತ್ತನೆಯ ದಿನ ತಾವಾಗಿಯೇ, "ಆ ಗಂಟು ಬಿಚ್ಚಿ ನೋಡಿದ್ಯೇನವಾ?" ಅಂದರು.

ನೋಡಿದ್ದೆ. ತಂತಿ ಚೊಕ್ಕ ಇತ್ತು, ಯಾವ ವಾಸನೆಯೂ ಇರಲಿಲ್ಲ. ಆದರೂ ಮೂಗಿಗೆ ಸೆರಗು ಹಿಡಿದುಕೊಂಡೇ ಬಿಚ್ಚಿದ್ದೆ.