ಗೋಲ್‌ಕೀಪರ್ ತಂದ ಇಡ್ಲಿ

ಗೋಲ್‌ಕೀಪರ್ ಓಡುವುದಿಲ್ಲ, ಆದ್ದರಿಂದ ಬೆಳಗಿನ ತಿಂಡಿ ತರುವುದು ಗೋಲ್‌ಕೀಪರಿನ ಪಾಲು. ವಡೋದರಾದ ನಮ್ಮ ಹೆಂಗಸರ ಹಾಕಿ ತಂಡದಲ್ಲಿ ಇಂಥದೊಂದು ಪದ್ಧತಿ ಇತ್ತು. ಅದನ್ನು ಯಾರು ಶುರುಮಾಡಿದರೆಂದು ಯಾರಿಗೂ ನೆನಪಿರಲಿಲ್ಲ. ಪ್ರಶ್ನಿಸಬೇಕೆಂದೂ ಯಾರಿಗೂ ತೋಚಿರಲಿಲ್ಲ. ನನಗೆ ತೋಚಿತು.

ಮೂವತ್ತೈದು ದಾಟಿದ ಹೆಂಗಸರಿಗಾಗಿ ಅಹಮದಾಬಾದ್, ವಡೋದರಾ ಮತ್ತು ಸೂರತ್ ತಂಡಗಳ ನಡುವೆ ಚಳಿಗಾಲವಿಡೀ ಪಂದ್ಯಗಳು ನಡೆಯುತ್ತವೆ. ನೋಡಲು ಬರುವವರು ನಮ್ಮ ಮಕ್ಕಳು, ಕೆಲವರ ಗಂಡಂದಿರು ಮತ್ತು ಮೈದಾನದ ಕಾವಲುಗಾರ. ಆದರೂ ತಂಡದಲ್ಲಿ ಹದಿನಾರೇ ಜಾಗ. ಬಯಸುವವರು ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಮಳೆ ನಿಂತ ಕೂಡಲೇ ವಡೋದರಾ ಪಕ್ಕದ ಕೊಯಾಲಿಯ ಟೌನ್‌ಶಿಪ್ ಒಂದರ ಮೈದಾನದಲ್ಲಿ ಎರಡು ವಾರ ಶಿಬಿರ ನಡೆಯುತ್ತದೆ. ಕೊನೆಯ ದಿನ ಆಯ್ಕೆ. ವಡೋದರಾದಲ್ಲಿ ಹೆಂಗಸರಿಗೆ ಕಾನೂನು ನೆರವು ನೀಡುವ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ನಾನು ಮೈದಾನದಲ್ಲಿ ರಕ್ಷಣೆಯ ಸಾಲಿನವಳು.

ನಾನು ಬೆಳೆದದ್ದು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ. ಅಪ್ಪ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದರು. ಮೈಸೂರಿನಿಂದ ಬಂದ ಅಮ್ಮ ಹಾಲು, ತರಕಾರಿ ಕೊಳ್ಳುವಷ್ಟು ಗುಜರಾತಿ ಕಲಿತು, ಜಗಳವನ್ನು ಮಾತ್ರ ಕನ್ನಡದಲ್ಲಿಯೇ ಆಡಿ ಗೆಲ್ಲುತ್ತಿದ್ದರು. ಅವರು ನನ್ನನ್ನು ಸೇರಿಸಿದ ಶಾಲೆಯಲ್ಲಿ ಅಂಕಗಳಿರಲಿಲ್ಲ, ಬೆತ್ತವಿರಲಿಲ್ಲ. ಪ್ರತಿ ಶನಿವಾರ ಎಲ್ಲರೂ ನೆಲದ ಮೇಲೆ ದುಂಡಗೆ ಕುಳಿತು, ಆ ವಾರ ತಾವು ಕಂಡ ಅನ್ಯಾಯವನ್ನು ಹೆಸರಿಟ್ಟು ಹೇಳಬೇಕಿತ್ತು. ದೊಡ್ಡದು ಚಿಕ್ಕದು ಎಂಬ ಭೇದ ಇರಲಿಲ್ಲ. ನಲ್ಲಿಯ ಎದುರಿನ ಸಾಲನ್ನು ಮುರಿದದ್ದೂ ಅಲ್ಲಿ ಚರ್ಚೆಯಾಗುತ್ತಿತ್ತು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ, ಬಿಡಬೇಕೆಂದು ನನಗೂ ಅನಿಸಿಲ್ಲ. ಶಿಬಿರಕ್ಕೂ ಅದನ್ನು ಕೊಂಡೊಯ್ದೆ. ನಮ್ಮ ತರಬೇತುದಾರರು ಒಂದು ಕಾಲದಲ್ಲಿ ರಾಜ್ಯಕ್ಕೆ ಆಡಿದ, ಈಗ ಮೊಮ್ಮಕ್ಕಳಿರುವ, ಎಲ್ಲರನ್ನೂ 'ಬೆನ್', ಅಂದರೆ ಸೋದರಿ, ಎನ್ನುವ ಗುಜರಾತಿ ಹೆಂಗಸು. ಅಭ್ಯಾಸ ಮುಗಿದ ಮೇಲೆ ಹೀಗೆ ದುಂಡಗೆ ಕೂರೋಣವೇ ಎಂದು ಕೇಳಿದಾಗ ಅವರು, "ಕೂರೋದಕ್ಕೆ ಯಾರು ಬೇಡ ಅಂತಾರೆ ಬೆನ್?" ಎಂದು ಎಲ್ಲರಿಗಿಂತ ಮೊದಲು ಕುಳಿತುಬಿಟ್ಟರು.

ಹೆಸರಿಸಲು ಅನ್ಯಾಯಗಳಿಗೇನೂ ಕೊರತೆ ಇರಲಿಲ್ಲ. ಮೈದಾನದ ನಟ್ಟನಡುವೆ ಗಂಡಸರ ಕ್ರಿಕೆಟ್ ಪಿಚ್; ಅದಕ್ಕೆ ಸುತ್ತಲೂ ಹಗ್ಗ. ನಾವು ಆ ಹಗ್ಗವನ್ನು ಮುಟ್ಟದಂತೆ ಗೋಡೆಯ ಪಕ್ಕದ ಪಟ್ಟಿಯಲ್ಲಿ ಆಡಬೇಕು. ಗೋಲ್‌ಕೀಪರಿನ ಪ್ಯಾಡುಗಳು ಗಂಡಸರ ಅಳತೆಯವು. ಕಟ್ಟಿಕೊಂಡರೆ ಅರ್ಧ ತೊಡೆಯವರೆಗೆ ಬರುತ್ತಿದ್ದವು. ಹಗ್ಗವನ್ನು ಎರಡು ಮಾರು ಹಿಂದಕ್ಕೆ ಸರಿಸಲು ಕ್ರಿಕೆಟಿನವರು ಒಪ್ಪಿದರು. ಪ್ಯಾಡುಗಳು ಇದ್ದ ಹಾಗೆಯೇ ಇದ್ದವು.

ಆ ಪ್ಯಾಡುಗಳೊಳಗೆ ಮುಳುಗಿ ನಿಲ್ಲುತ್ತಿದ್ದವಳು ನನ್ನ ಗೆಳತಿ. ಉಡುಪಿ ಮೂಲದವಳು, ಗಂಡನೊಂದಿಗೆ ವಡೋದರಾದಲ್ಲಿ ಹೋಟೆಲ್ ನಡೆಸುತ್ತಾಳೆ. ಪ್ಯಾಡಿನ ಪಟ್ಟಿ ಜಾರದಂತೆ ಪಾರ್ಸೆಲ್ ಕಟ್ಟುವ ದಾರದಿಂದ ಬಿಗಿದುಕೊಳ್ಳುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದು ಸೂರತ್‌ನಲ್ಲಿ, ಅಪ್ಪನ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಶಾಲೆಯಲ್ಲಿ ಒಳ್ಳೆಯ ಗೋಲ್‌ಕೀಪರ್ ಆಗಿದ್ದಳಂತೆ. ಆದರೆ ಆಟದ ಸಮಯವೂ ಹೋಟೆಲಿನ ಸಂಜೆಯ ಗಿರಾಕಿಯ ಸಮಯವೂ ಒಂದೇ ಆದ್ದರಿಂದ ಹತ್ತನೆಯ ತರಗತಿಗೆ ಬಂದಾಗ ಆಟ ನಿಂತು, ಅವಳು ಗಲ್ಲಾದ ಹಿಂದೆ ಕುಳಿತಳು. ಅಣ್ಣ ಮಾತ್ರ ಕ್ರಿಕೆಟ್ ಆಡುತ್ತಲೇ ಇದ್ದ. ಇದನ್ನು ಅವಳು ನಗುತ್ತ ಹೇಳುತ್ತಾಳೆ. ನನಗೆ ನಗುತ್ತ ಕೇಳಲು ಆಗುವುದಿಲ್ಲ.

ಈ ಬಾರಿಯ ಮೊದಲ ಪಂದ್ಯ ಸೂರತ್‌ನಲ್ಲಿತ್ತು. ಅವಳ ಅಪ್ಪ ಫೋನಿನಲ್ಲಿ ಒಂದು ಮಾತು ಕೊಟ್ಟಿದ್ದರು. ಅದನ್ನು ಅವಳು ಅವರದೇ ಧಾಟಿಯಲ್ಲಿ ನನಗೆ ಒಪ್ಪಿಸಿದಳು: "ನೀನು ಗೋಲಲ್ಲಿ ನಿಂತ್ರೆ ಒಂದು ಮಧ್ಯಾಹ್ನ ಶಟರ್ ಎಳೆದು ಬರ್ತೇನೆ. ಬೆಂಚಲ್ಲಿ ಕೂತ್ರೆ ಬರುದಿಲ್ಲ."

ತಾಪಿ ನದಿಯ ನೀರು ಒಳಗೆ ನುಗ್ಗಿದಾಗ ಬಿಟ್ಟರೆ ಆ ಮನುಷ್ಯ ಹೋಟೆಲ್ ಮುಚ್ಚಿದ್ದನ್ನು ಅವಳು ನೋಡಿರಲಿಲ್ಲ.

ಹದಿನಾರರಲ್ಲಿ ಗೋಲ್‌ಕೀಪರಿಗೆ ಒಂದೇ ಜಾಗ. ಅದನ್ನು ಬಯಸಿದ ಇನ್ನೊಬ್ಬಳು ಅದೇ ಟೌನ್‌ಶಿಪ್‌ನ ಗುಜರಾತಿ ಹೆಂಗಸು. ವಯಸ್ಸಿನಲ್ಲಿ ಚಿಕ್ಕವಳು, ಬೆಕ್ಕಿನಂತೆ ಚುರುಕು. ಪದ್ಧತಿಯಂತೆ ತಿಂಡಿ ಇಬ್ಬರ ಪಾಲಿಗೂ ಬಂತು. ಒಂದು ದಿನ ನನ್ನ ಗೆಳತಿಯ ಇಡ್ಲಿ, ಸಾಂಬಾರು, ಎರಡು ಬಗೆಯ ಚಟ್ನಿ. ಮರುದಿನ ಟೌನ್‌ಶಿಪ್‌ನವಳು ಕಡಲೆಹಿಟ್ಟಿನಿಂದ ಮಾಡಿದ ಖಮಣ್ ಮತ್ತು ಕರಿದ ಹಸಿಮೆಣಸಿನಕಾಯಿ. ಮೂರನೆಯ ದಿನಕ್ಕೆಲ್ಲ ತಂಡದಲ್ಲಿ ಎರಡು ಪಕ್ಷಗಳಾದವು.

"ಚಟ್ನಿ ಯಾವ ಕಡೆಯೋ ನನ್ನ ವೋಟು ಆ ಕಡೆ," ಎಂದಳು ಮುಂಚೂಣಿಯಲ್ಲಿ ಆಡುವ ಒಬ್ಬಳು. ಎಲ್ಲರೂ ನಕ್ಕರು. ತರಬೇತುದಾರರೂ ನಕ್ಕು, ಇನ್ನೊಂದು ಇಡ್ಲಿ ಹಾಕಿಸಿಕೊಂಡರು.

ಅಂದು ದುಂಡಗೆ ಕುಳಿತಾಗ, "ಇನ್ನೊಂದು ಅನ್ಯಾಯ ಇದೆ," ಎಂದೆ.

"ಹೇಳಿ ಬೆನ್," ಎಂದರು ತರಬೇತುದಾರರು. "ಇವತ್ತು ಇನ್ನೂ ಎರಡೇ ಆಗಿವೆ."

"ಗೋಲ್‌ಕೀಪರ್ ಓಡೋದಿಲ್ಲ, ಹಾಗಾಗಿ ತಿಂಡಿ ಅವರದು ಅನ್ನೋದು ಅನ್ಯಾಯ. ಎಲ್ಲರಿಗೂ ತಿಂಡಿ ಮಾಡೋದು ದುಡಿಮೆ ಅಲ್ವಾ? ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಆಯ್ಕೆ ಮಾಡೋರು ನೀವು. ಆಯ್ಕೆಗೆ ನಿಂತವರ ಕೈಯಿಂದ ದಿನಾ ತಿನ್ನೋರೂ ನೀವೇ. ನೀವು ನ್ಯಾಯವಾಗಿಯೇ ಆರಿಸ್ತೀರಿ, ನನಗೆ ಗೊತ್ತು. ಆದರೆ ಆಯ್ಕೆಯಾದವಳನ್ನ ಚಟ್ನಿಯಿಂದ ಬಂದಳು ಅಂತ ಜನ ನಗ್ತಾರೆ. ಈಗಲೇ ನಗ್ತಿದ್ದಾರೆ."

ತರಬೇತುದಾರರ ಬಾಯಲ್ಲಿ ಅರ್ಧ ಇಡ್ಲಿ ಇತ್ತು. ನುಂಗುವುದೋ ಬಿಡುವುದೋ ಎಂದು ಒಂದು ಕ್ಷಣ ಯೋಚಿಸಿ ನುಂಗಿದರು. "ಮಾತು ಸರಿ ಇದೆ," ಎಂದು ನಿಟ್ಟುಸಿರು ಬಿಟ್ಟರು. ಆಯ್ಕೆ ಮುಗಿಯುವವರೆಗೆ ಅವರವರ ತಿಂಡಿ ಅವರವರೇ ತರಬೇಕೆಂದು ತೀರ್ಮಾನವಾಯಿತು. ಅಷ್ಟು ಸಪ್ಪೆ ಮುಖಗಳನ್ನು ನಾನು ಸೋತ ಪಂದ್ಯಗಳಲ್ಲಿಯೂ ಕಂಡಿರಲಿಲ್ಲ.

ಮನೆಗೆ ಮರಳುವಾಗ ನನ್ನ ಸ್ಕೂಟರಿನ ಹಿಂದೆ ಖಾಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಗೆಳತಿ ಮೊದಲ ಸಿಗ್ನಲಿನಲ್ಲಿ ಬಾಯಿಬಿಟ್ಟಳು.

"ನನ್ನ ಇಡ್ಲಿ ಲಂಚವಾ ಅಕ್ಕ?"

"ನಾನು ಹಾಗೆ ಹೇಳಲಿಲ್ಲ."

"ಮತ್ತೆಂತ ಹೇಳಿದ್ದು? ಬಂದವರಿಗೆ ತಿನ್ನಲಿಕ್ಕೆ ಕೊಡುದು ನಮ್ಮಲ್ಲಿ ಲಂಚ ಅಲ್ಲ ಮಾರಾಯ್ರೆ, ಅದು ಮರ್ಯಾದೆ. ನೀವು ನಿಮ್ಮ ಶಾಲೆಯಲ್ಲಿ ಎಂತ ತಿಂತಿದ್ರಿ, ಬರೀ ನ್ಯಾಯವಾ?"

ಪಕ್ಕದ ರಿಕ್ಷಾದವನು ನಮ್ಮತ್ತ ತಿರುಗಿ ನೋಡಿದ. ದೀಪ ಹಸಿರಾಯಿತು.

"ನೀನು ಯಾವಾಗ ಏಳ್ತೀಯ?" ಎಂದು ಕೇಳಿದೆ.

"ಎಂತಕ್ಕೆ? ನಾಲ್ಕಕ್ಕೆ."

"ನಾಳೆಯಿಂದ ಪಾತ್ರೆ ಹೊರೋದಿಲ್ಲವಲ್ಲ. ಅರ್ಧ ಗಂಟೆ ಬೇಗ ಬಾ. ನಾನು ಚೆಂಡು ತಳ್ತೀನಿ, ನೀನು ತಡಿ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳು, ಆಚೆ ತೈಲ ಶುದ್ಧೀಕರಣಾಗಾರದ ಚಿಮಣಿಯ ತುದಿಯಲ್ಲಿ ಜ್ವಾಲೆ ಇನ್ನೂ ಕಿತ್ತಳೆಯಾಗಿ ಕಾಣುತ್ತಿದ್ದಾಗ, ಪ್ಯಾಡುಗಳನ್ನು ದಾರದಿಂದ ಬಿಗಿದುಕೊಂಡು ಗೋಲಿನ ಎದುರು ನಿಂತಿದ್ದಳು. ಒಬ್ಬಳಿಗೆ ಮಾತ್ರ ಹೆಚ್ಚಿನ ಅಭ್ಯಾಸ ಸಿಗುವುದು ಸರಿಯಲ್ಲವೆಂದು ಟೌನ್‌ಶಿಪ್‌ನವಳನ್ನೂ ಕರೆದೆ. "ನಿಮ್ಮ ಕಾಲಿಗೆ ಬೀಳ್ತೇನೆ ಅಕ್ಕ, ಒಂದಾದ್ರೂ ಅನ್ಯಾಯ ನನಗೋಸ್ಕರ ಬಿಡಿ," ಎಂದು ಗೆಳತಿ ಗೊಣಗಿದಳು. ಆದರೂ ಇಬ್ಬರೂ ಬೇಗನೆ ಹೊಂದಿಕೊಂಡರು. ಒಬ್ಬಳು ನಿಂತಾಗ ಇನ್ನೊಬ್ಬಳು ಗೋಲಿನ ಹಿಂದೆ ಕುಳಿತು ತಪ್ಪು ಎಣಿಸುವಳು. ಕರ್ನಾಟಕದವರ ಸಾಂಬಾರಿಗೆ ಬೆಲ್ಲ ಹೆಚ್ಚೋ ಗುಜರಾತಿಗಳ ದಾಲಿಗೆ ಹೆಚ್ಚೋ ಎಂದು ಇಬ್ಬರೂ ಜಗಳವಾಡುವರು.

ಆ ಬೆಳಗುಗಳಲ್ಲಿ ನನ್ನ ಗೆಳತಿಯ ದೌರ್ಬಲ್ಯ ನನಗೆ ಸ್ಪಷ್ಟವಾಯಿತು. ಎಡಕ್ಕೆ ಬಂದ ಚೆಂಡನ್ನು ಕೈಗವಸಿನಿಂದ ಹೊಡೆದಟ್ಟುವುದರಲ್ಲಿ ಅವಳು ಗಟ್ಟಿಗಿತ್ತಿ. ಆದರೆ ಕೋಲು ಹಿಡಿದ ಬಲಗಡೆ, ನೆಲಕ್ಕೆ ತಾಗಿ ಬಂದ ಚೆಂಡಿಗೆ ಆ ದೊಡ್ಡ ಪ್ಯಾಡನ್ನು ಎಳೆದುಕೊಂಡು ಬೀಳುವಷ್ಟರಲ್ಲಿ ತಡವಾಗುತ್ತಿತ್ತು. ನಾನು ಅದನ್ನು ಅವಳಿಗೆ ಹೇಳಿದೆ. ಬಲಗಡೆಗೆ ಮತ್ತೆ ಮತ್ತೆ ತಳ್ಳಿದೆ.

ಆಯ್ಕೆಯ ದಿನ ಬಂತು. ಐವರು ಆಟಗಾರ್ತಿಯರು ಇಬ್ಬರು ಗೋಲ್‌ಕೀಪರುಗಳಿಗೂ ತಲಾ ಒಂದು ಪೆನಾಲ್ಟಿ ಸ್ಟ್ರೋಕ್ ತೆಗೆದುಕೊಳ್ಳಬೇಕು. ಕಡಿಮೆ ಗೋಲು ಬಿಟ್ಟವಳಿಗೆ ಜಾಗ, ಸಮವಾದರೆ ಕಿರಿಯಳಿಗೆ. ಮೂವತ್ತೈದು ದಾಟಿದವರ ತಂಡದಲ್ಲಿಯೂ ವಯಸ್ಸನ್ನು ತೂಗುವುದು ತಪ್ಪೆಂದು ನಾನು ವಾದಿಸಿ ಸೋತಿದ್ದೆ. ಐವರಲ್ಲಿ ನಾನೂ ಒಬ್ಬಳಾಗಿದ್ದೆ. ಗೆಳತಿಯ ಎದುರು ನಾನು ನಿಲ್ಲುವುದು ಸೂಕ್ತವಲ್ಲ, ಬೇರೆ ಯಾರನ್ನಾದರೂ ಕರೆಯಿರಿ ಎಂದೆ.

"ನಿಮ್ಮಷ್ಟು ನಿಷ್ಪಕ್ಷಪಾತಿ ಇನ್ನೊಬ್ಬರನ್ನ ನಾನೆಲ್ಲಿ ಹುಡುಕಲಿ?" ಎಂದರು ತರಬೇತುದಾರರು. "ನೀವೇ ಕೊನೆಗೆ ನಿಲ್ಲಿ."

ಟೌನ್‌ಶಿಪ್‌ನವಳು ಎರಡು ಗೋಲು ಬಿಟ್ಟಳು. ಅದರಲ್ಲಿ ಒಂದು ನನ್ನದು. ನನ್ನ ಗೆಳತಿ ನಾಲ್ಕು ಸ್ಟ್ರೋಕುಗಳಲ್ಲಿ ಒಂದನ್ನು ಮಾತ್ರ ಬಿಟ್ಟಿದ್ದಳು. ಉಳಿದದ್ದು ನನ್ನ ಸ್ಟ್ರೋಕ್. ಅದನ್ನು ತಡೆದರೆ ಅವಳು ತಂಡದಲ್ಲಿ, ಅವಳ ಅಪ್ಪ ಮೈದಾನದಲ್ಲಿ. ಬಿಟ್ಟರೆ ಎರಡೆರಡು ಸಮವಾಗಿ, ಅವಳಿಗೆ ಬೆಂಚೂ ಇಲ್ಲ, ಸೂರತ್‌ನ ಶಟರ್ ಮೇಲೆಯೇ.

ಚೆಂಡಿನ ಹಿಂದೆ ನಿಂತು ಅವಳತ್ತ ನೋಡಿದೆ. ಹೆಲ್ಮೆಟ್ಟಿನ ಜಾಲರಿಯ ಹಿಂದೆ ಕಣ್ಣು ಕಾಣಲಿಲ್ಲ. ಅವಳ ಎಡಕ್ಕೆ ತಳ್ಳಿದರೆ ಖಂಡಿತ ತಡೆಯುವಳು, ಮತ್ತು ಅದು ಗೋಲಿನ ಹಿಂದೆ ಉಗುರು ಕಚ್ಚುತ್ತ ಕುಳಿತಿದ್ದ ಇನ್ನೊಬ್ಬಳಿಗೆ ಮಾಡುವ ಮೋಸ. ಬಲಕ್ಕೆ ತಳ್ಳಿದರೆ ಗೆಳತಿಯ ಇಷ್ಟು ವರ್ಷಗಳ ಆಸೆಯನ್ನು ನನ್ನ ಕೈಯಾರೆ ಮುಗಿಸಿದ ಹಾಗೆ. ಸೀಟಿ ಕೇಳಿಸಿತು. ಬಲಕ್ಕೆ, ನೆಲಕ್ಕೆ ತಾಗಿಸಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ತಳ್ಳಿದೆ.

ಚೆಂಡು ನನ್ನ ಕೋಲನ್ನು ಬಿಟ್ಟ ಕ್ಷಣವೇ ಅವಳು ಬಲಕ್ಕೆ ಬಿದ್ದಳು. ಪ್ಯಾಡಿನ ಅಂಚಿಗೆ ಬಡಿದ ಚೆಂಡು ಕಂಬದ ಹೊರಗೆ ಉರುಳಿ, ಕ್ರಿಕೆಟಿನವರ ಹಗ್ಗದಡಿ ನುಸುಳಿ, ಅವರ ಪಿಚ್ಚಿನ ಮೇಲೆ ಹೋಗಿ ನಿಂತಿತು. ಪಾರ್ಸೆಲ್ ದಾರ ಪಟ್ಟನೆ ಕಡಿದು ಒಂದು ಪ್ಯಾಡು ಅಡ್ಡಕ್ಕೆ ತಿರುಗಿಕೊಂಡಿತ್ತು. ಎಲ್ಲರೂ ಓಡಿ ಬಂದು ಅವಳ ಮೇಲೆ ಬಿದ್ದರು. ಟೌನ್‌ಶಿಪ್‌ನವಳು ಕಣ್ಣೊರೆಸಿಕೊಂಡು ಅವಳ ಹೆಲ್ಮೆಟ್ ಕಳಚಲು ನೆರವಾದಳು.

"ಬಲಕ್ಕೇ ಬರುತ್ತೆ ಅಂತ ಹೇಗೆ ಗೊತ್ತಾಯಿತು?" ಎಂದು ಕೇಳಿದೆ.

ಅವಳಿನ್ನೂ ನೆಲದ ಮೇಲೆಯೇ ಇದ್ದಳು, ಮುಖವಿಡೀ ಮಣ್ಣು. "ಬೇರೆ ಯಾರಾದ್ರೂ ಆದ್ರೆ ನನಗೆ ಗೊತ್ತಾಗ್ತಿರಲಿಲ್ಲ ಅಕ್ಕ. ನೀವಲ್ವಾ? ನನಗೆ ಎಲ್ಲಿ ಕಷ್ಟವೋ ಅಲ್ಲಿಗೇ ಹಾಕ್ತೀರಿ. ಸ್ವಂತ ತಂಗಿ ನಿಂತಿದ್ರೂ ಅಲ್ಲಿಗೇ. ನೀವು ಕೋಲು ಎತ್ತುವ ಮೊದಲೇ ನನ್ನ ಮನಸ್ಸು ಬಲಕ್ಕೆ ಬಿದ್ದಾಗಿತ್ತು."

ಅಷ್ಟು ಸಂತೋಷದಿಂದ ಯಾರೂ ನನ್ನನ್ನು ಬೈದಿರಲಿಲ್ಲ.

ನನಗೂ ರಕ್ಷಣೆಯ ಸಾಲಿನಲ್ಲಿ ಜಾಗ ಸಿಕ್ಕಿತು. ಕೊನೆಯ ಬಾರಿ ದುಂಡಗೆ ಕುಳಿತಾಗ, ಒಂದೇ ಗೋಲಿನ ಅಂತರದಲ್ಲಿ ಸೋತವಳನ್ನು ಮನೆಯಲ್ಲಿ ಕೂರಿಸುವುದು ಅನ್ಯಾಯವೆಂದು ಹೇಳಿದೆ. "ಬಸ್ಸಿನಲ್ಲಿ ಸೀಟಿದೆ, ಬರಲಿ," ಎಂದರು ತರಬೇತುದಾರರು. ಟೌನ್‌ಶಿಪ್‌ನವಳು ತಕ್ಷಣ, "ಬರ್ತೀನಿ ಬೆನ್, ಆದರೆ ಖಮಣ್ ತರೋದಿಲ್ಲ, ಈಗಲೇ ಹೇಳಿದ್ದೀನಿ," ಎಂದಳು.

ಸೂರತ್‌ನಲ್ಲಿ ಪಂದ್ಯಕ್ಕೆ ಇನ್ನೂ ಸ್ವಲ್ಪ ಹೊತ್ತಿದ್ದಾಗ ಮೈದಾನದ ಗೇಟಿಗೆ ಒಂದು ಟೆಂಪೊ ಬಂದು ನಿಂತಿತು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ ತೊಟ್ಟ ವೃದ್ಧರೊಬ್ಬರು ಇಳಿದರು. ಗೆಳತಿಯ ಅಪ್ಪ. ಮಾತಿನಂತೆ ಶಟರ್ ಎಳೆದಿದ್ದರು. ಆದರೆ ಒಳಗಿದ್ದದ್ದನ್ನೆಲ್ಲ ಜೊತೆಗೆ ತಂದಿದ್ದರು. ಇಡ್ಲಿಯ ಪಾತ್ರೆಗಳು, ಸಾಂಬಾರಿನ ದೊಡ್ಡ ಡಬರಿ, ಚಟ್ನಿಯ ಬಕೆಟ್ಟು ಒಂದೊಂದಾಗಿ ಇಳಿದವು. ಮಗಳತ್ತ ಒಮ್ಮೆ ಕೈಬೀಸಿ, ಎರಡು ತಟ್ಟೆ ತುಂಬಿಸಿಕೊಂಡು ಅವರು ನೇರವಾಗಿ ಅಂಪೈರುಗಳ ಕಡೆ ನಡೆದರು.

ನಾನು ಅಡ್ಡ ನಿಂತೆ. "ಅಂಕಲ್, ಕ್ಷಮಿಸಿ. ಪಂದ್ಯಕ್ಕೆ ಮೊದಲು ಅಂಪೈರಿಗೆ ತಿನ್ನಿಸೋದು ಸರಿಯಲ್ಲ. ಎದುರಾಳಿಗಳಿಗೂ ಬೇಡ. ಮುಗಿದ ಮೇಲೆ ಎಲ್ಲರಿಗೂ ಕೊಡೋಣ."

"ಮುಗಿದ ಮೇಲೆಯಾ?" ಅವರಿಗೆ ನಂಬಲಾಗಲಿಲ್ಲ. "ಸಾಂಬಾರು ತಣಿತದಲ್ಲ ಅಮ್ಮ!"

ಗೋಲಿನ ಕಡೆಯಿಂದ ಮಗಳ ಕೂಗು ಬಂತು. "ಅಪ್ಪಾ, ಅವ್ರು ಹೇಳಿದ ಹಾಗೆ ಮಾಡಿ. ಇಲ್ಲದಿದ್ರೆ ನಿಮ್ಮನ್ನೂ ದುಂಡಗೆ ಕೂರಿಸ್ತಾರೆ!"

ಅವರು ತಟ್ಟೆಗಳನ್ನು ಹಿಂದಕ್ಕೆ ತಂದು, ಡಬರಿಯ ಮುಚ್ಚಳದ ಮೇಲೆ ದಪ್ಪ ಬಟ್ಟೆ ಹೊದಿಸಿ ಪಕ್ಕದಲ್ಲಿ ಕುಳಿತರು. ಹಾಕಿಯ ನಿಯಮಗಳು ಅವರಿಗೆ ಗೊತ್ತಿರಲಿಲ್ಲ. ಚೆಂಡು ಮಗಳತ್ತ ಬಂದಾಗಲೆಲ್ಲ ಸೌಟು ಹಿಡಿದು ಎದ್ದು ನಿಲ್ಲುತ್ತಿದ್ದರು. ಅವಳು ತಡೆದರೆ ಕುಳಿತುಕೊಳ್ಳುತ್ತಿದ್ದರು. ಒಮ್ಮೆ ಮಾತ್ರ ಅವರು ಬಹಳ ಹೊತ್ತು ನಿಂತೇ ಇದ್ದರು. ಪಂದ್ಯ ಒಂದಕ್ಕೆ ಒಂದಾಗಿ ಮುಗಿಯಿತು.

ಎರಡೂ ತಂಡಗಳು, ಅಂಪೈರುಗಳು, ಮಕ್ಕಳು, ಕಾವಲುಗಾರ ಎಲ್ಲರೂ ಸಾಲು ನಿಂತರು. ನನ್ನ ಗೆಳತಿ ಅಭ್ಯಾಸಬಲದಿಂದ ಹೋಗಿ ತಟ್ಟೆಗಳ ಕಟ್ಟನ್ನು ಕೈಗೆತ್ತಿಕೊಂಡಳು. ಅಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡರು.

"ನೀನು ಕೂತ್ಕೋ. ನಾನು ಬಡಿಸ್ತೇನೆ."

ಅವಳು ಪ್ಯಾಡುಗಳನ್ನು ಬಿಚ್ಚದೆ, ಕಾಲು ಮಡಚಲಾಗದೆ, ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿ ಹುಲ್ಲಿನ ಮೇಲೆ ಕುಳಿತಳು. ಅವರು ಬಗ್ಗಿ ಮೊದಲ ತಟ್ಟೆಯನ್ನು ಅವಳಿಗೆ ಕೊಟ್ಟರು. ಇನ್ನೊಂದು ಇಡ್ಲಿ ಹಾಕಲೇ ಎಂದು ಕೇಳಿದರು, ಉತ್ತರಕ್ಕೆ ಕಾಯದೆ ಹಾಕಿದರು.

ಸಾಂಬಾರು ಪೂರ್ತಿ ತಣಿದಿತ್ತು. ಅದು ಯಾರಿಂದ ತಣಿಯಿತೆಂದು ಸಾಲಿನಲ್ಲಿದ್ದ ಪ್ರತಿಯೊಬ್ಬರೂ ನನಗೆ ಹೇಳಿ ಮುಂದೆ ಹೋದರು. ನಾನು ಎರಡನೆಯ ಸಲವೂ ಹಾಕಿಸಿಕೊಂಡೆ.