ಉಪ್ಪ ಕೂತ ಪಂಕ್ತಿ

ಬಾಳೆಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಏಳುವ ಆ ಹಸಿರು ವಾಸನೆ ನಿಮಗೆ ಹಸಿವು ತರಿಸುತ್ತದೆ, ಅಲ್ಲವೇ? ನನಗೆ ನಾಚಿಕೆ ತರಿಸುತ್ತದೆ. ಮೊನ್ನೆ ಮೂಡುಬಿದಿರೆಯ ಸಭಾಭವನವೊಂದರಲ್ಲಿ ಶಿಕ್ಷಕರ ತರಬೇತಿ ಮುಗಿದು ಊಟಕ್ಕೆ ಕರೆದಾಗಲೂ ಹಾಗೇ ಆಯಿತು. ಸಂಪನ್ಮೂಲ ವ್ಯಕ್ತಿ ಎಂದು ನನಗೆ ಪಂಕ್ತಿಯ ತಲೆಯಲ್ಲೇ ಎಲೆ ಹಾಕಿದ್ದರು. ನಾನು ಮೆಲ್ಲನೆ ಜಾರಿ, ಮೂಲೆಯಲ್ಲಿ ಪ್ಲೇಟು ಹಿಡಿದು ನಿಂತೆ. ಕೇಳಿದವರಿಗೆ ಮಂಡಿನೋವು ಎಂದೆ. ನನ್ನ ಮಂಡಿ ಗಟ್ಟಿಮುಟ್ಟಾಗಿಯೇ ಉಂಟು.

ನಾನು ಟೀಚರು. ಈಚೆಗೆ ಪಾಠಕ್ಕಿಂತ ಭಾಷಣವೇ ಹೆಚ್ಚು. ಶಾಲೆ ತನ್ನದು ಎಂದು ಮಗುವಿಗೆ ಅನಿಸುವುದು ಹೇಗೆ, ಊರವರನ್ನು ಶಾಲೆಗೆ ಹತ್ತಿರ ತರುವುದು ಹೇಗೆ ಎಂಬ ವಿಷಯ ಬಂದರೆ ನನ್ನನ್ನೇ ಕರೆಯುತ್ತಾರೆ. ನಾನು ಬಹಳ ಓದಿಕೊಂಡಿದ್ದೇನೆ ಎಂದಲ್ಲ. ನನ್ನ ಬಳಿ ಒಂದು ಕತೆ ಉಂಟು, ಅದನ್ನು ಹೇಳಿದರೆ ಮುಂದಿನ ಸಾಲಿನ ಟೀಚರುಗಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಕತೆ ನನ್ನ ಉಪ್ಪನದು. ಉಪ್ಪ ಎಂದರೆ ಕರಾವಳಿಯ ಮುಸ್ಲಿಮರಾದ ನಮ್ಮ ಬ್ಯಾರಿಗಳ ಮನೆಯಲ್ಲಿ ಅಪ್ಪ, ಉಮ್ಮ ಎಂದರೆ ಅಮ್ಮ.

ಪುಂಜಾಲಕಟ್ಟೆಯಿಂದ ಒಳಕ್ಕೆ ಹೋಗುವ ಮಣ್ಣಿನ ದಾರಿಯಲ್ಲಿ ಉಪ್ಪನ ಜೀನಸು ಅಂಗಡಿ ಇತ್ತು. ಅಂಗಡಿ ಎಂದರೆ ದೊಡ್ಡದೇನಲ್ಲ. ಬೆಲ್ಲದ ಡಬ್ಬ, ಒಣಮೆಣಸಿನ ಗೋಣಿ, ಸೀಮೆಎಣ್ಣೆಯ ಡ್ರಮ್ಮು, ಇವುಗಳ ನಡುವೆ ಉಪ್ಪ. ದೊಡ್ಡ ದನಿ ಅವರಿಗೆ ಬರುತ್ತಲೇ ಇರಲಿಲ್ಲ. ಯಾರು ಏನು ಹೇಳಿದರೂ "ಅಡ್ಡಿಲ್ಲ" ಎನ್ನುತ್ತಿದ್ದರು. ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನಮ್ಮ ಸರಕಾರಿ ಶಾಲೆ.

ಆ ಶಾಲೆಗೆ ಸಂಜೀವ ಮಾಸ್ಟ್ರು ಹೆಡ್ಮಾಸ್ಟ್ರಾಗಿ ಬಂದದ್ದು ತೊಂಬತ್ತರ ದಶಕದಲ್ಲಿ. ಬಂದಾಗ ಶಾಲೆ ಅರ್ಧ ಖಾಲಿ. ಅನುಕೂಲಸ್ಥರ ಮಕ್ಕಳು ವ್ಯಾನು ಹತ್ತಿ ಬಂಟ್ವಾಳದ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ನಮ್ಮ ಕೇರಿಯ ಹುಡುಗಿಯರು ಐದನೆಯದು ಮುಗಿಸಿ ಮನೆಯಲ್ಲಿ ಕೂರುತ್ತಿದ್ದರು. ಮಾಸ್ಟ್ರು ಸೈಕಲ್ಲಿನಲ್ಲಿ ಮನೆಮನೆ ತಿರುಗಿದರು. ಊರಿನ ದೊಡ್ಡ ಮನೆಯಾದ ಗುತ್ತಿನ ಶೆಟ್ರಿಂದ ಮಾಡಿಗೆ ಮರ, ನಮ್ಮವರಿಂದ ಹಂಚು, ಎಲ್ಲರಿಂದಲೂ ಬೆವರು ಎಂದು ಲೆಕ್ಕ ಹಾಕಿ, ಭಾನುವಾರಗಳಲ್ಲಿ ಶ್ರಮದಾನ ಮಾಡಿಸಿ ಬಾವಿ ತೋಡಿಸಿದರು. "ಮಗಳನ್ನು ಏಳನೆಯದರವರೆಗಾದರೂ ಬಿಡಿ ಅದ್ರಾಮಾಕ" ಎಂದು ಅಂಗಡಿಯ ಬೆಂಚಿನಲ್ಲಿ ಕೂತು ಉಪ್ಪನನ್ನು ಕೇಳಿದರು. ಉಪ್ಪ ಅಡ್ಡಿಲ್ಲ ಎಂದರು. ಹಾಗೆ ನಾನು ಆರನೆಯದಕ್ಕೆ ಹೋದೆ, ನಮ್ಮ ಕೇರಿಯಿಂದ ನಾವು ಮೂವರು ಹುಡುಗಿಯರು. ನಾವು ಏನಾಗುತ್ತೇವೆ ಎಂದು ಉಳಿದ ಮನೆಯವರು ಬೇಲಿಯಾಚೆಯಿಂದ ನೋಡುತ್ತಿದ್ದರು.

ಆ ಶಾಲೆಯ ವಾರ್ಷಿಕೋತ್ಸವದ ಊಟಕ್ಕೆ ಮೊದಲಿನಿಂದಲೂ ಎರಡು ದಾರಿ ಇತ್ತು. ಅತಿಥಿಗಳಿಗೂ ದೊಡ್ಡ ಮನೆಯ ಮಕ್ಕಳಿಗೂ ಜಗಲಿಯಲ್ಲಿ ಎಲೆ. ಉಳಿದವರಿಗೆ ಅಂಗಳದಲ್ಲಿ, ಮನೆಯಿಂದ ತಂದ ಬಟ್ಟಲು. ಇದನ್ನು ಯಾರೂ ನಿಯಮ ಎಂದು ಬರೆದಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ. ಮಾಸ್ಟ್ರು ಮುರಿದರು. "ಈ ಸಲ ಎಲ್ಲರಿಗೂ ಎಲೆ, ಎಲ್ಲರಿಗೂ ಅಂಗಳ. ಪಂಕ್ತಿ ಒಂದೇ" ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದರು. ನಮ್ಮೂರಲ್ಲಿ ತುಳು ಆಡುವವರಿಗೂ ಬ್ಯಾರಿ ಆಡುವವರಿಗೂ ಮೈಕು ಸಿಕ್ಕಿದರೆ ಕನ್ನಡ ಗ್ರಂಥದಂತೆ ಬರುತ್ತದೆ. ಮಾಸ್ಟ್ರು "ಸಹಪಂಕ್ತಿಭೋಜನ" ಎಂಬ ಶಬ್ದವನ್ನೂ ಬಳಸಿದರು. ನಮಗೆ ಅದು ಏನೋ ಸಿಹಿತಿಂಡಿ ಇರಬೇಕು ಅನಿಸಿತು.

ಒಂದೇ ಒಂದು ತಪ್ಪಾಯಿತು. ದಿನ ನೋಡಿದ ಸಮಿತಿಯವರು ರಾತ್ರಿಯ ಯಕ್ಷಗಾನದ ಆಟಕ್ಕೆ ಭಾಗವತರ ಬಿಡುವು ನೋಡಿದರು, ಮುಖ್ಯ ಅತಿಥಿಯ ಬಿಡುವು ನೋಡಿದರು. ಅದು ರಂಜಾನ್ ತಿಂಗಳು ಎಂಬುದು ಯಾರಿಗೂ ಹೊಳೆಯಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ ಮಾರಾಯ್ರೆ. ಆಗ ಮಧ್ಯಾಹ್ನ ಮಕ್ಕಳು ಊಟಕ್ಕೆ ಮನೆಗೆ ಓಡುತ್ತಿದ್ದ ಕಾಲ. ಯಾರು ಉಂಡರು, ಯಾರು ನೋಂಬು ಹಿಡಿದು ಉಪವಾಸ ಇದ್ದಾರೆ ಎಂದು ಶಾಲೆಗೆ ತಿಳಿಯುತ್ತಿರಲಿಲ್ಲ. ಶಾಲೆಯ ಅರ್ಧ ಮಕ್ಕಳು ನಮ್ಮವರು, ಸಮಿತಿಯಲ್ಲಿ ಮಾತ್ರ ನಮ್ಮವರೊಬ್ಬರೂ ಇರಲಿಲ್ಲ. ಚಿಕ್ಕ ಮಕ್ಕಳು ಉಣ್ಣಲಿ, ದೊಡ್ಡವರು ಕೆಲಸ ಮಾಡಿದರಾಯಿತು ಎಂದು ನಮ್ಮ ಕೇರಿಯವರೂ ಸುಮ್ಮನಾದರು.

ಅವತ್ತು ಉಪ್ಪ ಬೆಳಿಗ್ಗೆಯಿಂದ ಸೌದೆ ಹೊತ್ತರು, ಚಾಪೆ ಹಾಸಿದರು, ಎಲೆ ಒರೆಸಿದರು. ನನಗೂ ನೋಂಬು ಇತ್ತು. ಪೂರ್ತಿ ತಿಂಗಳು ಹಿಡಿಯುತ್ತೇನೆ ಎಂದು ಜಂಬ ಕೊಚ್ಚಿಕೊಂಡ ಮೊದಲ ವರ್ಷ ಅದು. ಊಟದ ಹೊತ್ತಿಗೆ ನಾವು ಮೂವರು ಹುಡುಗಿಯರು ಆರನೇ ಕ್ಲಾಸಿನೊಳಗೆ ಅಡಗಿ, ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆವು. ಸಾಲು ಪೂರ್ತಿ ಕೂತಾಗ ಗುತ್ತಿನ ಶೆಟ್ರ ಪಕ್ಕದಲ್ಲಿ ಒಂದು ಎಲೆ ಖಾಲಿ ಉಳಿಯಿತು. ಮಾಸ್ಟ್ರು ಅತ್ತಿತ್ತ ನೋಡಿದವರೇ ಒಲೆಯ ಬಳಿಗೆ ನಡೆದು ಉಪ್ಪನ ಕೈ ಹಿಡಿದರು.

"ಬನ್ನಿ ಅದ್ರಾಮಾಕ. ನೀವು ಕೂತುಕೊಳ್ಳದೆ ಇದು ಎಂಥ ಪಂಕ್ತಿ?"

ಉಪ್ಪ ಬಾಯಿ ತೆರೆದದ್ದು ನನಗೆ ಕಂಡಿತು. ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಹೇಳಲಿಲ್ಲ. ಲುಂಗಿ ಸರಿಮಾಡಿಕೊಂಡು ಎಲೆಯ ಮುಂದೆ ಕೂತರು.

ಬಡಿಸುವುದರಲ್ಲಿ ನಮ್ಮೂರವರ ಕೈ ಹಿಡಿಯುವವರಿಲ್ಲ. ಬೇಡ ಎಂದರೆ ಇನ್ನೊಂದು ಸೌಟು. ಪಲ್ಯ, ಅನ್ನ, ಸಾಂಬಾರು, ಕಡಲೆಬೇಳೆ ಪಾಯಸ ಎಲ್ಲವೂ ಉಪ್ಪನ ಎಲೆಗೆ ಬಿದ್ದವು. ಶೆಟ್ರು ಅಕ್ಕರೆಯಿಂದಲೇ ಗದರಿದರು: "ಉಣ್ಣಿ ಬ್ಯಾರಿಗಳೇ, ನಾಚಿಕೆ ಎಂಥದ್ದು?" ಉಪ್ಪ ಅನ್ನ ಕಲಸಿದರು. ಕಲಸಿದ್ದನ್ನೇ ಮತ್ತೆ ಕಲಸಿದರು. ತುತ್ತು ಮಾಡಿದರು, ಬಿಟ್ಟರು. ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯದೆ ಒಬ್ಬರು ಏಳುವ ಹಾಗಿಲ್ಲ ನೋಡಿ, ಮಜ್ಜಿಗೆ ಬಂದು ಹೋಗುವವರೆಗೂ ಹಾಗೇ ಕೂತಿದ್ದರು. ಆಮೇಲೆ ತುಂಬಿದ ಎಲೆಯನ್ನು ಮಡಚಿದರು.

ಎಲೆ ತೆಗೆಯಲು ಬಂದ ಹೆಂಗಸಿಗೆ ಆ ಎಲೆಯ ಭಾರ ಕೈಗೆ ತಿಳಿಯಿತು. ಬಿಡಿಸಿ ನೋಡಿದಳು. "ಎಂಥ ಬ್ಯಾರಿಗಳೇ ಇದು? ಉಣ್ಣಲಿಕ್ಕೆ ಆಗದಿದ್ರೆ ಬಡಿಸಿಕೊಳ್ಳುದ್ಯಾಕೆ? ಅಲ್ಲಿ ಮಕ್ಕಳು ಇನ್ನೂ ಅನ್ನ ಕೇಳ್ತಾ ಉಂಟು."

ಅಂಗಳಕ್ಕೆ ಅಂಗಳವೇ ತಿರುಗಿ ನೋಡಿತು. "ತಪ್ಪಾಯ್ತು ಅಕ್ಕ, ಹೊಟ್ಟೆ ಸರಿ ಇಲ್ಲ" ಎಂದರು ಉಪ್ಪ. ನಾನು ಕಿಟಕಿಯಿಂದ ಕೆಳಗೆ ಕುಸಿದು ಬೆಂಚಿನಡಿ ಸೇರಿಕೊಂಡೆ. ಆ ಮನುಷ್ಯ ನನ್ನ ಉಪ್ಪ ಅಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು. ನಾಚಿಕೆಯೆಂದರೆ ಅದು ಮುಖದಲ್ಲಿ ಆಗುವುದಲ್ಲ, ಹೊಟ್ಟೆಯಲ್ಲಿ ಆಗುವುದು ಎಂದು ನನಗೆ ಗೊತ್ತಾದದ್ದು ಅಲ್ಲಿ.

ಸಂಜೆ ಮಸೀದಿಯಿಂದ ಬಾಂಗು ಕೇಳಿದಾಗ ಉಪ್ಪ ನನ್ನನ್ನು ಶಾಲೆಯ ಹಿಂದಿನ ಬಾವಿಕಟ್ಟೆಗೆ ಕರೆದುಕೊಂಡು ಹೋದರು. ಕಿಸೆಯಿಂದ ಖರ್ಜೂರ ತೆಗೆದು ಕೊಟ್ಟು, ತಾವೂ ಒಂದು ಬಾಯಿಗೆ ಹಾಕಿ ನೀರು ಕುಡಿದರು. ಕಾಲು ತೊಳೆಯಲು ಬಂದ ಮಾಸ್ಟ್ರು ನಮ್ಮನ್ನು ನೋಡಿ ನಿಂತರು.

"ನಿಮಗೆ ಇವತ್ತು ನೋಂಬಾ?"

"ಹೌದು ಮಾಸ್ಟ್ರೆ."

"ಮಧ್ಯಾಹ್ನವೂ?"

ನೋಂಬು ಮಧ್ಯಾಹ್ನಕ್ಕೆ ರಜೆ ಕೊಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಪಾಪ. ಬಾವಿಕಟ್ಟೆಯಲ್ಲಿ ಕೂತೇಬಿಟ್ಟರು. ದೊಡ್ಡವರು, ಅದರಲ್ಲೂ ಮಾಸ್ಟ್ರು, ನಾಚಿ ತಲೆ ತಗ್ಗಿಸುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೊನೆಗೆ "ಒಂದು ಮಾತು ಹೇಳಬಹುದಿತ್ತಲ್ಲ" ಎಂದರು. "ಅಡ್ಡಿಲ್ಲ ಮಾಸ್ಟ್ರೆ" ಎಂದರು ಉಪ್ಪ.

ಮಕ್ಕಳು ಮಾತ್ರ ಬಿಡುತ್ತಾರೆಯೇ? ಮರುದಿನ ನಾನು "ಅನ್ನ ಬಿಸಾಡುವ ಬ್ಯಾರಿಯ ಮಗಳು" ಆಗಿದ್ದೆ. ಮನೆಗೆ ಬಂದು ಚೀಲ ಎಸೆದು, ಇನ್ನು ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದೆ. ಉಮ್ಮ ಒಳಗೊಳಗೇ ಒಪ್ಪಿದರು. ಉಳಿದ ಇಬ್ಬರು ಹುಡುಗಿಯರ ಮನೆಯಲ್ಲೂ ಅದೇ ಮಾತು. ಇದು ಹೇಗೋ ಮಾಸ್ಟ್ರ ಕಿವಿಗೆ ಬಿತ್ತು. ಅಂಗಡಿಗೆ ಬಂದು, "ನಾಳೆ ಒಂದು ದಿನ ಕಳಿಸಿ, ಆಮೇಲೆ ನಿಮ್ಮಿಷ್ಟ" ಎಂದರು. ಆ ನಾಳೆ, ಎಲ್ಲ ಮಕ್ಕಳೂ ಸಾಲಾಗಿ ನಿಂತ ಅಂಗಳದಲ್ಲಿ, ಗ್ರಂಥದ ಕನ್ನಡ ಬಿಟ್ಟು ತುಳುವಿನಲ್ಲೇ ಹೇಳಿದರು: "ನೋಂಬು ಹಿಡಿದು ಹಸಿದವರನ್ನು ಕೇಳದೆ ಎಲೆ ಹಾಕಿದವ ನಾನು. ಅನ್ನ ಹಾಳಾದದ್ದು ನನ್ನಿಂದ." ಆಮೇಲೆ ಸಮಿತಿಗೆ ನಮ್ಮ ಕೇರಿಯಿಂದ ಇಬ್ಬರು ಬಂದರು. ಸಭೆ ಒಮ್ಮೆ ಶೆಟ್ರ ಚಾವಡಿಯಲ್ಲಿ, ಒಮ್ಮೆ ನಮ್ಮ ಅಂಗಡಿಯ ಜಗಲಿಯಲ್ಲಿ ನಡೆಯತೊಡಗಿತು. ನಾವು ಮೂವರೂ ಏಳನೆಯದು ಪಾಸಾದೆವು. ಮರುವರ್ಷ ಕೇರಿಯ ಬೇರೆ ಹುಡುಗಿಯರೂ ನಮ್ಮ ಹಿಂದೆ ಬಂದರು.

ಇದು ಕತೆ. ತರಬೇತಿಗಳಲ್ಲಿ ಇದನ್ನು ನಾನು ಹೀಗೆ ಮುಗಿಸುತ್ತೇನೆ: "ಒಬ್ಬ ಮಾಸ್ಟ್ರ ಮನಸ್ಸು ನೋಯಬಾರದು ಎಂದು, ನನ್ನ ತಂದೆ ಹಸಿದ ಹೊಟ್ಟೆಯಲ್ಲಿ ತುಂಬಿದ ಎಲೆಯ ಮುಂದೆ ಕೂತರು." ಚಪ್ಪಾಳೆ ಬೀಳುತ್ತದೆ. ಉಪ್ಪನ ಬಗ್ಗೆ ಅವತ್ತು ಪಟ್ಟ ನಾಚಿಕೆಯನ್ನು ಹೀಗೆ ಹೆಮ್ಮೆಯಾಗಿ ಮಾಡಿಕೊಂಡು ಊರೂರು ತಿರುಗಿದ್ದೇನೆ. ಬಾಳೆಲೆಯ ವಾಸನೆ ಮಾತ್ರ ಆ ಹೆಮ್ಮೆಯನ್ನು ನಂಬಲಿಲ್ಲ.

ಮೊನ್ನೆ ಮೂಡುಬಿದಿರೆಯಲ್ಲಿ ಉಪ್ಪನಿಗೆ ಕಣ್ಣಿನ ಡಾಕ್ಟರನ್ನು ಕಾಣುವುದಿತ್ತು, ಜೊತೆಗೇ ಕರೆದುಕೊಂಡು ಹೋಗಿದ್ದೆ. ಸಭಾಭವನದ ಕೊನೆಯ ಕುರ್ಚಿಯಲ್ಲಿ ಕೂತು ಅವರು ತಮ್ಮ ಕತೆಯನ್ನು ಮೊದಲ ಸಲ ಕೇಳಿದರು. ವಾಪಸು ಬರುವಾಗ ಬಸ್ಸು ಸಿದ್ಧಕಟ್ಟೆ ದಾಟಿತು. ಆಮೇಲೆ ನಮ್ಮ ಭಾಷೆಯಲ್ಲಿ, ನನ್ನ ಮುಖ ನೋಡದೆ, "ಚೆನ್ನಾಗಿ ಹೇಳ್ತೀ ಮಗಳೇ. ಆದರೆ ಅದು ಹಾಗಲ್ಲ" ಎಂದರು.

"ಮತ್ತೆ ಹೇಗೆ ಉಪ್ಪ?"

"ನಾನು ಆ ಶಾಲೆಗೆ ಮೂರನೆಯದರವರೆಗೆ ಹೋದವ. ಊಟದ ದಿನ ಜಗಲಿಯಲ್ಲಿ ಎಲೆ ಹಾಕುದನ್ನು ಪಾಗಾರದ ಹತ್ತಿರ ನಿಂತು ನೋಡ್ತಿದ್ದೆ. ಬಾ, ಕೂತ್ಕೋ ಅಂತ ಯಾರೂ ಹೇಳಿದ್ದಿಲ್ಲ. ಅವತ್ತು ಮಾಸ್ಟ್ರು ಕೈ ಹಿಡಿದು ಕೂರಿಸಿದ್ರು, ಶೆಟ್ರ ಪಕ್ಕ." ಬಸ್ಸಿನ ಟಿಕೇಟು ಮಡಚುತ್ತ ಹೇಳಿದರು: "ನೋಂಬು ಅಂತ ಹೇಳಿದ್ರೆ ಏಳಬೇಕಾಗ್ತಿತ್ತು."

ಬಸ್ಸು ಎಲ್ಲೋ ನಿಂತಿತು, ಯಾರೋ ಹತ್ತಿದರು. ಮಕ್ಕಳನ್ನು ಕೇಳಿ, ಪೋಷಕರನ್ನು ಕೇಳಿ, ಕೇಳದೆ ಏನನ್ನೂ ತೀರ್ಮಾನಿಸಬೇಡಿ ಎಂದು ಊರಿಗೆಲ್ಲ ಉಪದೇಶ ಮಾಡಿದವಳು ನಾನು. ಇಷ್ಟು ವರ್ಷದಲ್ಲಿ ಉಪ್ಪನನ್ನು ಒಮ್ಮೆಯೂ ಕೇಳಿರಲಿಲ್ಲ.