ಕಪಾಟಿನ ಬಲ್ಬಿನಿಂದ ಎಳೆದ ಕರೆಂಟು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಪ್ರಯೋಗಾಲಯದ ಗಡಿಯಾರ ನೋಡಿ ಹೇಳಿದವನು ನಾನೇ. ಹನ್ನೊಂದಕ್ಕೆ ವಿಶ್ವವಿದ್ಯಾಲಯದಿಂದ ತಪಾಸಣೆಯವರು ಬರುವವರಿದ್ದರು.

ಅರವತ್ತರ ದಶಕದ ಆರಂಭ. ಕುಮಟೆಯ ಒಂದು ಕಾಲೇಜಿನಲ್ಲಿ ನಾನೂ ಹೊನ್ನಾವರದ ಗೆಳೆಯನೊಬ್ಬನೂ ಪ್ರಯೋಗ ಮಾಡಿ ತೋರಿಸುವ ಡೆಮಾನ್‌ಸ್ಟ್ರೇಟರುಗಳು. ಬಾಡಿಗೆ ಕೋಣೆಯೂ ಒಂದೇ. ಸಿಗ್ನಲ್ ಜನರೇಟರಿನ ಅಲೆಯನ್ನು ಆಸಿಲೋಸ್ಕೋಪಿನ ಪರದೆಯ ಮೇಲೆ ತೋರಿಸುವ ಕೆಲಸ ಆ ದಿನ ನಮ್ಮದು. ಸ್ಕೋಪು ಮುಂಬಯಿಯಿಂದ ಮಳೆಗಾಲದಲ್ಲೇ ಬಂದಿತ್ತು. ಕಪಾಟಿನಲ್ಲಿ ಹಿಡಿಸದೆ ಮೇಜಿನ ಮೇಲೆ ಉಳಿದಿತ್ತು. ಎರಡನ್ನೂ ಜೋಡಿಸುವ ಅಡಾಪ್ಟರ್ ಮಾತ್ರ ಬಂದಿರಲಿಲ್ಲ. ಜನರೇಟರಿನದು ತಂತಿ ಬಿಗಿಯುವ ತಿರುಪು, ಸ್ಕೋಪಿನದು ಲೋಹದ ಉಂಗುರದ ದುಂಡು ಸಾಕೆಟ್ಟು.

ಮೂರು ಪಿನ್ನಿನ ಪ್ಲಗ್ ಕೂರುವ ಜಾಗ ಗೋಡೆಯಲ್ಲಿ ಒಂದೇ ಇತ್ತು. ಅಲ್ಲಿ ಜನರೇಟರ್ ಕೂತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಉಪಕರಣಗಳಿಗೆ ಬೂಸ್ಟು ಹಿಡಿಯದಿರಲೆಂದು ಕಪಾಟಿನೊಳಗೆ ಬಲ್ಬು ಉರಿಸಿಡುತ್ತಾರೆ. ಗೆಳೆಯ ಆ ಬಲ್ಬು ಕಳಚಿ, ಹೋಲ್ಡರಿನಿಂದ ಎರಡೇ ತಂತಿಯಲ್ಲಿ ಸ್ಕೋಪಿಗೆ ಕರೆಂಟು ಕೊಟ್ಟ. ನೆಲಕ್ಕೆ ಸೇರಬೇಕಾದ ಮೂರನೆಯ ತಂತಿ ಸುಮ್ಮನೆ ನೇತಾಡುತ್ತಿತ್ತು.

"ಅರ್ಥಿಂಗ್ ಇಲ್ಲ ಮಾರಾಯ," ಅಂದೆ.

"ಹತ್ತು ನಿಮಿಷದ ಕೆಲ್ಸಕ್ಕೆ ಅದೆಲ್ಲ ಎಂತಕ್ಕೆ? ನೀ ಗಡಿಯಾರ ನೋಡ್ತಾ ಇರು, ಅದೇ ಚಲೋ ಬರ್ತದೆ ನಿಂಗೆ."

ವಿಭಾಗದ ಮುಖ್ಯಸ್ಥರು ಬಾಗಿಲಲ್ಲಿ ಇಣುಕಿದರು. "ಆತಾ? ಅವ್ರು ಬಂದು ಚಾ ಕುಡೀತಾ ಇದ್ದಾರೆ."

"ಆತು ಸರ್, ಆತು," ಎಂದ ಗೆಳೆಯ.

ಪರದೆಯಲ್ಲಿ ಹಸಿರು ಗೆರೆ ಮೂಡಿತು. ಅವನು ಎಡಗೈಯಿಂದ ಜನರೇಟರಿನ ತಗಡಿನ ಪೆಟ್ಟಿಗೆ ಒತ್ತಿ ಹಿಡಿದು, ಬಲಗೈಯಿಂದ ಬರಿಯ ತಂತಿಯನ್ನು ಸ್ಕೋಪಿನ ಸಾಕೆಟ್ಟಿಗೆ ತುರುಕಿದ. ಬೆರಳು ಉಂಗುರಕ್ಕೆ ತಾಗಿತು.

ಅವನು ಕೂಗಲಿಲ್ಲ. ಎರಡೂ ಕೈ ಅಂಟಿಕೊಂಡವು. ಕುತ್ತಿಗೆಯ ನರ ಉಬ್ಬಿತು. ಕಣ್ಣು ನನ್ನನ್ನೇ ನೋಡುತ್ತಿತ್ತು. ಕರೆಂಟು ಹಿಡಿದವನನ್ನು ಮುಟ್ಟಬಾರದೆಂದು ಓದಿದ್ದೆ, ಆದರೂ ನನ್ನ ಕೈ ಅವನ ಭುಜದವರೆಗೆ ಹೋಗಿ ನಿಂತದ್ದು ಈಗಲೂ ಕಾಣುತ್ತದೆ.

"ಮೇನ್! ಮೇನ್ ತೆಗಿಯೋ!" ಮುಖ್ಯಸ್ಥರು ಕಿರುಚಿದರು. ಓಡಿ ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಹಿಡಿಕೆ ಎಳೆದೆ. ಅವನು ಕೂತಿದ್ದ ಸ್ಟೂಲಿನ ಸಮೇತ ಕೆಳಗೆ ಬಿದ್ದ. ಉಸಿರು ಬರಲು ಎಷ್ಟು ಹೊತ್ತಾಯಿತೋ, ನನಗೆ ಲೆಕ್ಕವಿಲ್ಲ.

ತೇವ ಹೀರಿದ ಸ್ಕೋಪಿನಿಂದ ಕರೆಂಟು ಹೊರಪೆಟ್ಟಿಗೆಗೂ ಉಂಗುರಕ್ಕೂ ಸೋರುತ್ತಿತ್ತು. ನೆಲಕ್ಕೆ ಬೇರೆ ದಾರಿಯಿಲ್ಲದೆ ಅವನ ಎದೆಯ ಮೂಲಕ, ಅರ್ಥಿಂಗ್ ಇದ್ದ ಜನರೇಟರಿಗೆ ಹರಿದಿತ್ತು. ಅಡಾಪ್ಟರ್ ಮೊದಲೇ ಕೂತಿದ್ದರೆ ಅದರ ಲೋಹದ ಕವಚ ಎರಡೂ ಪೆಟ್ಟಿಗೆಗಳನ್ನು ಸೇರಿಸಿಬಿಡುತ್ತಿತ್ತು. ಹೋದರೆ ಒಂದು ಫ್ಯೂಸು ಹೋಗುತ್ತಿತ್ತು.

"ಬಡಿತ ನಡುನಡುವೆ ತಪ್ತದೆ. ಯಾರಾದ್ರೂ ಪಕ್ಕದಲ್ಲಿರಿ," ಎಂದರು ಡಾಕ್ಟರು. ಅಂದಿನಿಂದ ಅವನು ಮಲಗಿದರೆ ನಾನು ನಾಡಿ ಹಿಡಿದು ಕೂರುತ್ತಿದ್ದೆ. ಒಂದು ಬಡಿತ ತಡವಾದರೆ ಅವನನ್ನು ಅಲುಗಾಡಿಸಿ ಎಬ್ಬಿಸುತ್ತಿದ್ದೆ.

"ಕೈ ಬಿಡಾ. ಹೆಂಡ್ತಿ ಬಂದ್ರೂ ಹೀಂಗೆ ಹಿಡ್ಕಳೂದಿಲ್ಲ," ಎಂದು ನಗುತ್ತಿದ್ದ.

ಹೊನ್ನಾವರದಿಂದ ತಾಯಿ ಬಂದಾಗ ಸುಟ್ಟ ಬೆರಳಿನ ಪಟ್ಟಿ ತೋರಿಸಿ, "ಚಾ ಪಾತ್ರೆ ತಾಗ್ತು ಆಯಿ," ಎಂದ.

"ಇಷ್ಟು ಓದಿ ಚಾ ಮಾಡೂಕೂ ಬರೂದಿಲ್ವ?" ಎಂದು ಅವರು ಬೈದರು. ನಾನು ಮುಖ ತಿರುಗಿಸಿದೆ.

ನಾಡಿ ಸರಿಯಾಯಿತೆಂದು ಡಾಕ್ಟರು ಹೇಳಿದ ಮೇಲೂ ನನಗೆ ನಿದ್ದೆ ಬರಲಿಲ್ಲ. ಅವನು ಮತ್ತೆ ಅದೇ ಮೇಜಿಗೆ ಹೋಗಬೇಕಿತ್ತಲ್ಲ. ಕೊನೆಗೆ ಅಡಾಪ್ಟರ್ ಬಂತು. ಸ್ಕೋಪನ್ನು ಒಣಗಿಸಿ ರಿಪೇರಿ ಮಾಡಿಸಿಯಾಗಿತ್ತು, ಗೋಡೆಗೆ ಇನ್ನೊಂದು ಮೂರು ಪಿನ್ನಿನ ಸಾಕೆಟ್ಟೂ ಕೂತಿತ್ತು. ಕರೆಂಟು ಹಾಕುವ ಮುಂಚೆಯೇ ಅಡಾಪ್ಟರನ್ನು ತಿರುಗಿಸಿ ಬಿಗಿದೆವು. ಸ್ವಿಚ್ ಒತ್ತಿ, ಎರಡೂ ಪೆಟ್ಟಿಗೆಗೆ ಟೆಸ್ಟರ್ ಇಟ್ಟು ನೋಡಿದೆ. ಅದರ ದೀಪ ಹೊತ್ತಲಿಲ್ಲ. ಮತ್ತೊಮ್ಮೆ ಇಟ್ಟೆ.

"ಸಾಕು ಮಾರಾಯ, ಸವೀತದೆ ಅದು," ಎಂದವನೇ ಒಂದು ಕೈ ಬೆನ್ನ ಹಿಂದೆ ಕಟ್ಟಿ, ಇನ್ನೊಂದನ್ನು ಸ್ಕೋಪಿನ ಮೇಲಿಟ್ಟ. ನಾನು ಮೇನಿನ ಹಿಡಿಕೆ ಹಿಡಿದೇ ನಿಂತಿದ್ದೆ. ಅವನು ಕೈ ಎತ್ತಿ ಬೆರಳು ಆಡಿಸಿ ತೋರಿಸಿದ. ಪರದೆಯ ಮೇಲೆ ಅಲೆ ಓಡುತ್ತಿತ್ತು.

ಮರುದಿನ ಬುಧವಾರ. ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲು. ಅವನು ಗೊರಕೆ ಹೊಡೆಯುತ್ತಿದ್ದ. ಇಬ್ಬರಿಗೂ ಮೊದಲ ಕ್ಲಾಸು ತಪ್ಪಿಹೋಗಿತ್ತು.